ಕಾಣಲಾರದ್ದು

ಒಂದಾನೊಂದು ಊರಿನಲ್ಲಿ ಒಬ್ಬ ರಾಣಿಯಿದ್ದಳಂತೆ, ಅವಳ ನಾಲಿಗೆಯ ಮೇಲೊಂದು ಬೀಗವಿತ್ತಂತೆ, ಹೂಂ ಅನ್ನು, ಹೂಂ, ಆ ಬೀಗದ ಕೈ ಒಂದು ಗಿಣಿಯ ಕೊಕ್ಕಿನಲ್ಲಿತ್ತಂತೆ, ಹೂಂ — ಅಜ್ಜಿ ಹೇಳುತ್ತಿದ್ದ ಕಥೆ, ಕ್ಲಾಸಿನ ಫ್ಯಾನು ಒಂದು ಸುತ್ತು ಬಂದಾಗಲೆಲ್ಲ ಹೂಂ ಅಂದ ಹಾಗೇ ಕೇಳಿಸುತ್ತದೆ, ಅದರ ರೆಕ್ಕೆಗೆ ಯಾವಾಗಲೋ ಅಂಟಿಸಿದ ಬಣ್ಣದ ಕಾಗದ ಅರ್ಧ ಕಿತ್ತು ಪಟಪಟ ಹೊಡೆದುಕೊಳ್ಳುತ್ತಿದೆ, ಅದನ್ನೇ ನೋಡುತ್ತಿದ್ದೇನೆ, ಕೆಳಗೆ ನೋಡಬಾರದು, ಕೆಳಗೆ ನೋಡಿದರೆ ನನ್ನ ವೇಲಿನ ತುದಿ ಕಾಣುತ್ತದೆ, ಅಜ್ಜಿಯ ಬೆರಳುಗಳ ನಡುವೆ, ಸುರುಳಿ ಸುರುಳಿಯಾಗಿ, ದೀಪಕ್ಕೆ ಬತ್ತಿ ಹೊಸೆಯುವ ಹಾಗೆ ಹೊಸೆಯುತ್ತಿದ್ದಾಳೆ. ವಿಂಡ್, ಅಂದರು ಗೋವಿಂದರಾಜ ಸರ್, ಬೋರ್ಡಿನ ಮುಂದೆ ನಿಂತು, ಅಜ್ಜೀ, ವಿಂಡ್ ಅಂದ್ರ ಕನ್ನಡದಾಗ ಏನು, ಹೇಳ್ರಿ ನೋಡೂಣು, ಬರೇ ಒಂದ ಶಬ್ದ. ಪರವೂರಿನಲ್ಲಿ ಗುರುತಿನವರ ಹೆಸರು ಕೇಳಿದವಳ ಹಾಗೆ ಅಜ್ಜಿಯ ಮುಖ ಅರಳಿತು, ಬಾಯಿ ತೆರೆದಳು, ಮುಚ್ಚಿದಳು, ಆಮೇಲೆ ಅವಳ ಕೈ ನನ್ನ ವೇಲನ್ನು ಹುಡುಕಿಕೊಂಡು ಬಂತು. ಬರೇ ಒಂದ ಶಬ್ದ. ಅದೊಂದನ್ನು ಬಿಟ್ಟು ಈ ಭೂಮಿಯ ಮೇಲಿನ ಯಾವ ಶಬ್ದವನ್ನು ಕೇಳಿದ್ದರೂ ಆಗುತ್ತಿತ್ತು ಸರ್, ಕೊಟ್ಟವಳು ನಾನೇ, ಅಜ್ಜಿಗೆ ಕಲಿಸಿದ ಶಬ್ದ ಯಾವ್ಯಾವು ಎಂದು ನೀವು ಕೇಳಿದಾಗ ಖುಷಿಯಿಂದ ಅದನ್ನು ಕೊನೆಗೆ ಹೇಳಿದವಳು ನಾನೇ, ಅದು ಆಕಿಗೆ ಭಾಳ ಛಲೋ ಬರ್ತೈತ್ರಿ ಸರ್ ಎಂದು ಹಲ್ಲು ಕಿಸಿದವಳೂ ನಾನೇ.

ಇದು ಸರ್ ಅವರ ಪದ್ಧತಿ, ಕೊಪ್ಪಳದ ಬೇರೆ ಯಾವ ಇಂಗ್ಲಿಷ್ ಕ್ಲಾಸಿನಲ್ಲೂ ಇಲ್ಲ ಎಂದು ಅವರೇ ಹೇಳಿಕೊಳ್ಳುತ್ತಾರೆ, ಉರು ಹೊಡದಿದ್ದು ಅರ್ಥ ಅಲ್ಲ, ಮನ್ಯಾಗಿನ ಹಿರಿಯಾರಿಗೆ ತಿಳಿಸಿದ್ರ ಅದು ಅರ್ಥ, ಅದಕ್ಕೇ ಕೋರ್ಸು ಮುಗಿಯುವ ದಿನ ಎಲ್ಲರೂ ಇಂಗ್ಲಿಷ್ ಬಾರದ ಒಬ್ಬ ಹಿರಿಯರನ್ನು ಕರೆತರಬೇಕು, ಮನೆಯಲ್ಲಿ ಕೂರಿಸಿಕೊಂಡು ಶಬ್ದ ಕಲಿಸಿರಬೇಕು, ಸರ್ ಇಂಗ್ಲಿಷಿನಲ್ಲಿ ಹೇಳಿದರೆ ಹಿರಿಯರು ಕನ್ನಡದಲ್ಲಿ ಹೇಳಬೇಕು, ಯಾರು ಚೆನ್ನಾಗಿ ಕಲಿಸಿದ್ದಾರೋ ಅವರಿಗೆ ಯಲಬುರ್ಗಾದಲ್ಲಿ ಸರ್ ತೆರೆಯುತ್ತಿರುವ ಹೊಸ ಕ್ಲಾಸಿನಲ್ಲಿ ಸಣ್ಣ ಮಕ್ಕಳಿಗೆ ಪಾಠ ಮಾಡುವ ಕೆಲಸ. ಆ ಕೆಲಸ ನನಗೆ ಬೇಕು. ತಳಕಲ್ಲಿನಿಂದ ಬೆಳಗಿನ ಬಸ್ಸಿಗೆ ಹೋಗುವುದು, ಇಸ್ತ್ರಿ ಮಾಡಿದ ಸೀರೆ, ಹೆಗಲಿಗೊಂದು ಚೀಲ, ಮಿಸ್ ಮಿಸ್ ಎಂದು ಸುತ್ತುವ ಮಕ್ಕಳು, ರೊಟ್ಟಿ ಬಡಿಯುವಾಗಲೂ ಅದೇ ಕನಸು, ರೊಟ್ಟಿ ಸೀದು ಅವ್ವನ ಬೈಗುಳ. ಈಗಷ್ಟೇ ಗಂಗಾವತಿಯ ಮೆಹರಾಜಳ ಅಜ್ಜಿ ತಾಜಬೀ ಎದ್ದು ನಿಂತು ಎಲ್ಲರನ್ನೂ ನಗಿಸಿದರು, ಹಂಗರ್ ಅಂದ್ರ ಏನ್ರಿ ಅಂದಾಗ ಹೊಟ್ಟೆ ತಟ್ಟಿಕೊಂಡು, ಹಸಿವುರೀ ಸರ್, ಮುಂಜಾನಿಂದ ಒಂದ ಚಾ ಮ್ಯಾಲೆ ಕುಂತೀನ್ರಿ, ನಿಮ್ಮ ಹಂಗರ್ ನನಗ ಚೊಲೋತ್ನಂಗ ಗೊತ್ತೈತ್ರಿ — ಚಪ್ಪಾಳೆ. ಗಿಣಿಗೇರಾದ ಹೇಮಾಳ ಅಜ್ಜ, ಸ್ಮೋಕ್ ಅಂದ್ರ ಹೊಗಿ, ನಮ್ಮೂರಿಗೆ ಬರ್ರಿ, ಫ್ಯಾಕ್ಟರಿ ಕಡೆ ಮಾರಿ ಮಾಡಿ ನಿಲ್ರಿ, ಪುಗಸಟ್ಟೆ ತೋರಸ್ತೀನಿ — ಅದಕ್ಕೂ ಚಪ್ಪಾಳೆ. ನನ್ನ ಅಜ್ಜಿ ಮಾರೆವ್ವ ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಸೀಡ್ ಅಂದರೆ ಬೀಜ, ಶ್ಯಾಡೋ ಅಂದರೆ ನೆಳ್ಳು, ಪ್ಯಾರಟ್ ಅಂದರೆ ಗಿಣಿ, ಅದಕ್ಕ ಮೆಣಸಿನಕಾಯಿ ಅಂದ್ರ ಪಂಚಪ್ರಾಣರೀ, ಎಂದು ಒಂದರ ಹಿಂದೊಂದು ಹೇಳಿದ್ದಳು, ಸರ್ ನನ್ನ ಕಡೆ ತಿರುಗಿ, ವ್ಹಾ ಸುಮಾ, ಅಂದಿದ್ದರು, ನಾನು ಆಗಲೇ ಯಲಬುರ್ಗಾದ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತುಬಿಟ್ಟಿದ್ದೆ. ಸುಮಾ. ಸುಂಕಲಮ್ಮ ಎಂದು ಅಜ್ಜಿ ಇಟ್ಟ ಹೆಸರನ್ನು ಈ ಕೋಣೆಯ ಬಾಗಿಲಲ್ಲಿ ಚಪ್ಪಲಿಯ ಜೊತೆ ಬಿಟ್ಟು ಬರುತ್ತೇನೆ ನಾನು, ಅಜ್ಜಿ ಅದನ್ನೂ ಇವತ್ತು ಕೇಳಿಸಿಕೊಂಡಳು, ಯಾರಿದು ಸುಮಾ ಎಂಬಂತೆ ಅತ್ತಿತ್ತ ನೋಡಿದಳು.

ಕಾಣಲಾರದ್ದುರೀ, ಅಂದಳು ಅಜ್ಜಿ. ಹಿಂದಿನ ಬೆಂಚಿನಿಂದ ಕಿಸಕ್ಕನೆ ಒಂದು ನಗು, ಅದರ ಬೆನ್ನಿಗೆ ಇನ್ನೊಂದು, ಕಾಣಲಾರದ್ದು ಅಂದ್ರ ದೆವ್ವ ಏನಬೇ ಅಜ್ಜಿ, ಅಂದಳು ಹೇಮಾ, ಈಗ ಇಡೀ ಕೋಣೆ ನಗುತ್ತಿದೆ. ಅವರಿಗೆ ಏನು ಗೊತ್ತು. ನಮ್ಮ ಮನೆಯಲ್ಲಿ ಅದು ಎಷ್ಟು ಸಹಜವಾದ ಮಾತು, ಕಾಣಲಾರದ್ದು ಜೋರ ಐತಿ, ಬಟ್ಟಿ ತಗಿ, ಕಾಣಲಾರದ್ದು ಬಂತು, ದೀಪ ಆರ್ತೈತಿ, ಕಿಡಕಿ ಹಾಕು, ಕಣದಲ್ಲಿ ಜೋಳ ತೂರುವಾಗ ಮೊರವನ್ನು ತಲೆಯ ಮೇಲೆತ್ತಿ ಹಿಡಿದು, ಬಾರ ನಮ್ಮಪ್ಪ, ಕಾಣಲಾರದ್ದ, ಬಾರ, ಎಂದು ಆಕಾಶಕ್ಕೆ ಕೂಗುತ್ತಿದ್ದಳು, ಬರುತ್ತಿತ್ತು ಅದು, ಹೊಟ್ಟು ಹಾರಿಹೋಗಿ ಕಾಳು ಅವಳ ಪಾದದ ಮೇಲೆ ಬೀಳುತ್ತಿತ್ತು. ವಿಂಡ್‌ಗೆ ಕನ್ನಡದಲ್ಲಿರುವ ಆ ಶಬ್ದ ಅಜ್ಜನ ಹೆಸರಿನ ಮೊದಲಲ್ಲೇ ಇದೆ, ಹೆಂಡತಿ ಗಂಡನ ಹೆಸರು ಹೇಳಬಾರದು, ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ, ಹೆಸರಿನೊಳಗಿನ ಶಬ್ದವನ್ನೂ ಬಾಯಿಗೆ ತರಬಾರದು, ಮದುವೆಯಾಗಿ ಬಂದ ದಿನದಿಂದ ಅವಳು ಅದನ್ನು ಒಮ್ಮೆಯೂ ಅಂದಿಲ್ಲ. ಅಜ್ಜ ಹೋಗಿಬಿಟ್ಟಾನಲ್ಲಬೇ, ಇನ್ನ ಯಾರ ಆಯುಷ್ಯ ಕಮ್ಮಿ ಆಗ್ತೈತಿ, ಎಂದು ಒಮ್ಮೆ ಕೇಳಿದ್ದೆ, ನನ್ನ ಜಡೆಯ ಹೆಣಿಕೆ ಬಿಚ್ಚುತ್ತ ಅಂದಿದ್ದಳು, ಎಲ್ಲಿಗಿ ಹೋಗ್ಯಾರೋ ಅಲ್ಲೆ ಅವರಿಗೆ ಎಷ್ಟ ಆಯುಷ್ಯ ಐತೋ, ನಿನಗೇನ ಗೊತ್ತು ಹುಚ್ಚಿ. ನಾನು ಅಜ್ಜನನ್ನು ನೋಡಿಲ್ಲ, ನಾನು ಹುಟ್ಟುವ ಮೊದಲೇ ಹೋದವರು, ಗೋಡೆಯ ಮೇಲೆ ಫೋಟೋ ಕೂಡ ಇಲ್ಲ, ಆದರೂ ಮನೆಯಲ್ಲಿ ಅವರ ಹೆಸರನ್ನು ಎಲ್ಲರಿಗಿಂತ ಹೆಚ್ಚು ಹೇಳಿದ್ದು ನಾನು.

ರೇಷನ್ ಅಂಗಡಿಯಲ್ಲಿ ಶುರುವಾದದ್ದು, ನನಗಿನ್ನೂ ಹಲ್ಲು ಬೀಳುವ ವಯಸ್ಸು, ಸಕ್ಕರೆ ಚೀಲದ ಮೇಲೆ ಕುಳಿತು ಇರುವೆಗಳ ಮದುವೆ ನೋಡುತ್ತಿದ್ದೆ, ಗಂಡನ ಹೆಸರೇನಬೇ ಎಂದ ಅಂಗಡಿಯವನು, ಅಜ್ಜಿ ಅತ್ತ ನೋಡಿದಳು, ಇತ್ತ ನೋಡಿದಳು, ಆಮೇಲೆ ನನ್ನ ಲಂಗದ ಅಂಚು ಹಿಡಿದು ಜಗ್ಗಿದಳು, ನಾನು ಹೇಳಿದೆ, ಶಾಲೆಯಲ್ಲಿ ಹಾಜರಿ ಕೂಗುವ ಹಾಗೆ ಗಟ್ಟಿಯಾಗಿ ಹೇಳಿದೆ. ವಾಪಸು ಬರುವಾಗ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ ಅವಳು, ನೀ ನನ್ನ ಗಿಣಿ ಆದಿ ನೋಡು ಸುಂಕೀ, ಬೀಗದಕೈ ನಿನ್ನ ಕಡೆ ಐತಿ, ಇನ್ನ ಯಾರ ಕೇಳಿದ್ರೂ ನೀನ ಹೇಳಬೇಕು, ಹೇಳತೀಯಿಲ್ಲೋ. ಹೇಳತೀನಬೇ. ಎಲ್ಲೇ ಕೇಳಿದ್ರೂ. ಎಲ್ಲೇ ಕೇಳಿದ್ರೂ. ಬ್ಯಾಂಕಿನಲ್ಲಿ ಹೇಳಿದೆ, ಕಣ್ಣಿನ ಶಿಬಿರದಲ್ಲಿ ಹೇಳಿದೆ, ಆಧಾರ್ ಮಾಡಿಸುವಾಗ ಕ್ಯಾಮೆರಾ ಮುಂದೆ ಕುಳಿತ ಅವಳ ಹಿಂದಿನಿಂದ ಹೇಳಿದೆ, ಯಾರು ಕೇಳಿದರೂ ಮೊದಲು ಜಗ್ಗುವುದು, ಮೊದಲು ಲಂಗ, ಆಮೇಲೆ ಚೂಡಿದಾರದ ತುದಿ, ಆಮೇಲೆ ಈ ವೇಲು, ನಾನು ಬೆಳೆದಂತೆ ಅವಳ ಕೈಯೂ ಬಟ್ಟೆ ಹಿಡಿದುಕೊಂಡು ಮೇಲೇರುತ್ತ ಬಂತು. ಆಮೇಲೆ ಆ ಗಿಣಿಗೆ ಏನಾತಬೇ ಎಂದು ಕೇಳಿದರೆ, ಇನ್ನೊಂದು ಊರಿನ ರಾಜನ ಮನಿಯಾಗ ಬಂಗಾರದ ಪಂಜರ ಕಂಡಿತು, ಅದರಾಗ ಹೋಗಿ ಕುಂತಿತು, ಇತ್ತ ರಾಣಿ ಬಾಯಿ ಬಿಡಲಾರದ, ಎಂದು ನಿಲ್ಲಿಸಿಬಿಡುತ್ತಿದ್ದಳು, ಮುಂದ, ಎಂದರೆ, ನೀ ಹೂಂ ಅನ್ನಲಿಲ್ಲಲ್ಲ, ನಿದ್ದಿ ಹೊಡದಿ, ಕಥಿ ಅಲ್ಲೇ ನಿಂತೈತಿ. ಇವತ್ತಿಗೂ ಅಲ್ಲೇ ನಿಂತಿದೆ.

ಮುಸ್ಸಂಜೆ ಹೊತ್ತಿನಲ್ಲಿ ಕಟ್ಟೆಯ ಮೇಲೆ ಕುಳಿತು ನಾನು ಶಬ್ದಾರ್ಥ ಬಾಯಿಪಾಠ ಮಾಡುವಾಗ ಹೂಂ ಅನ್ನುವ ಸರದಿ ಅವಳದು, ಒಂದೊಂದು ಶಬ್ದಕ್ಕೂ ಹೂಂ, ಹೂಂ ಅನ್ನದಿದ್ದರೆ ನನಗೆ ಮುಂದಿನ ಶಬ್ದ ನೆನಪಾಗುವುದಿಲ್ಲ, ಜೆಲಸ್ ಅಂದರೆ ಹೊಟ್ಟೆಕಿಚ್ಚು, ಹೂಂ, ನಿನ್ನ ಅತ್ತಿ ಆಕಿ, ಗ್ರೀಡಿ ಅಂದರೆ ದುರಾಶೆ, ಹೂಂ, ಅವರ ಮನೀ ಮಂದಿ ಎಲ್ಲಾರೂ, ಹೀಗೆ ಪ್ರತಿ ಶಬ್ದಕ್ಕೂ ಒಂದು ಮನೆ, ಒಂದು ಮುಖ, ಅವು ನನಗೆ ಮರೆಯುವುದೇ ಇಲ್ಲ, ಸರ್ ಕೇಳುತ್ತಾರೆ ನಿನಗ ಇಷ್ಟ ಶಬ್ದ ಹೆಂಗ ನೆನಪಿರ್ತಾವ ಸುಮಾ, ನಾನು ಆ್ಯಪ್‌ನಾಗ ಕಲೀತೀನ್ರಿ ಸರ್ ಅನ್ನುತ್ತೇನೆ. ಒಂದು ದಿನ ಹಗ್ಗದ ಮೇಲಿನ ಬಟ್ಟೆಗಳು ಎದ್ದೆದ್ದು ಕುಣಿಯುತ್ತಿದ್ದಾಗ ತೋರಿಸಿ ಹೇಳಿದೆ, ಅದಕ್ಕ ಇಂಗ್ಲಿಷಿನಾಗ ವಿಂಡ್ ಅಂತಾರಬೇ. ಏನಂದಿ. ವಿಂಡ್. ಅವಳು ಹೂಂ ಅನ್ನಲಿಲ್ಲ. ಇದನ್ನ ನಾ ಅನಬೌದೇನ. ಅನ್ನಬಹುದಲ್ಲ, ಇದರಾಗ ಅಜ್ಜನ ಹೆಸರಿಲ್ಲ. ವಿಂಡ್, ಅಂದಳು ಮೆಲ್ಲಗೆ, ಬಾಗಿಲ ಕಡೆ ನೋಡಿ, ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ, ಆಮೇಲೆ ಇನ್ನೊಮ್ಮೆ, ಆಮೇಲೆ ಎದ್ದು ಅಂಗಳಕ್ಕೆ ಹೋಗಿ, ಪಕ್ಕದ ಮನೆಯ ಪಾರಮ್ಮನಿಗೆ, ಪಾರೂ ಇವತ್ತ ವಿಂಡ್ ಭಾಳ ಐತಿ ನೋಡವಾ, ಹಾಂ, ಏನ ಬಂದೈತಬೇ ನಿನಗ, ಅಂದಳು ಪಾರಮ್ಮ. ಅಂದಿನಿಂದ ಆ ಶಬ್ದ ಅವಳ ಬಾಯಿಯಲ್ಲಿ ಚಪ್ಪರಿಸಿದಷ್ಟೂ ಮುಗಿಯದ ಹುಣಸೆಹಣ್ಣಿನ ಚಿಗಳಿಯ ಹಾಗೆ. ಇವತ್ತು ಬೆಳಿಗ್ಗೆ ಬಸ್ಸಿನಲ್ಲೂ, ಕಂಡಕ್ಟರಪ್ಪಾ, ಆ ಕಿಡಕಿ ತಗಿ, ಚೂರು ವಿಂಡ್ ಬರ್ಲಿ, ಅಂದಳು, ಅವನು, ಯಾವಾಗ ಬಂದಿ ಲಂಡನ್ನಿಂದ, ಟಿಕೀಟಾದ್ರೂ ಕನ್ನಡದಾಗ ಕೇಳು ಯವ್ವಾ, ಅಂದ, ಬಸ್ಸೆಲ್ಲ ನಕ್ಕಿತು, ಅಜ್ಜಿಯೂ ನಕ್ಕಳು, ನಾನು ಮಾತ್ರ ಮೊಬೈಲು ತೆಗೆದು ಅವಳ ಜೊತೆಯವಳಲ್ಲ ಅನ್ನುವಂತೆ ಅದರೊಳಗೆ ಮುಖ ಹಾಕಿದೆ, ಯಾವ ಮೆಸೇಜೂ ಬಂದಿರಲಿಲ್ಲ, ಪರದೆ ಕಪ್ಪಗಿತ್ತು, ಅದರಲ್ಲಿ ನನ್ನ ಮುಖ. ನಾನು ಬಟ್ಟೆ ತೋರಿಸಿದರೆ ಅವಳು ವಿಂಡ್ ಅನ್ನುತ್ತಿದ್ದಳು, ಯಾವತ್ತೂ ಹಾಗೇ, ಸರ್ ಕೇಳುವುದು ತಿರುವುಮುರುವು ಎಂದು ಗೊತ್ತಿದ್ದರೂ ಈ ಶಬ್ದದ ಮಟ್ಟಿಗೆ ನನಗೆ ಹೊಳೆಯಲೇ ಇಲ್ಲ, ಬೀಗದಕೈ ಹಿಡಿದವಳಿಗೇ ಬೀಗ ಇದೆ ಅನ್ನುವುದು ಮರೆತು ಹೋಯಿತು.

ವೇಲು ಜಗ್ಗಿತು. ಮೊದಲ ಸಲ ಮೆಲ್ಲಗೆ, ಎರಡನೆಯ ಸಲ ಹೆಗಲಿನ ಪಿನ್ನು ಚುಚ್ಚುವಷ್ಟು. ಸರ್ ಇನ್ನೊಮ್ಮೆ ಕೇಳಿದರು, ಪಾಪ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕಾಣಲಾರದ್ದು ಖರೆರಿ ಅಜ್ಜಿ, ಆದ್ರ ಅದಕ್ಕೊಂದು ಹೆಸರೈತೆಲ್ರಿ. ಹೆಸರು ಅಂದರು ಅವರು, ಗೊತ್ತಿಲ್ಲದೆ ಅಂದರು. ಆಗಲೇ ಹೇಳಿಬಿಡಬೇಕಿತ್ತು, ಎದ್ದು ನಿಂತು ಒಂದೇ ಮಾತು, ರೇಷನ್ ಅಂಗಡಿಯಲ್ಲಿ ಹಲ್ಲಿಲ್ಲದ ಬಾಯಿಯಿಂದ ಹೇಳಿದವಳು ನಾನು, ಆದರೆ ಹೇಮಾ ಇದ್ದಾಳೆ, ಹಿಂದಿನ ಬೆಂಚಿನವರು ಮೊಬೈಲು ಎತ್ತಿ ಹಿಡಿದಿದ್ದಾರೆ, ಇವರ ಮುಂದೆ ಹೇಗೆ ಹೇಳಲಿ ನಮ್ಮ ಮನೆಯಲ್ಲಿ ಇನ್ನೂ ಗಂಡನ ಹೆಸರು ಹೇಳುವುದಿಲ್ಲ ಎಂದು, ಸುಮಾಳ ಮನೆಯಲ್ಲಿ ಹಾಗಿರಲು ಸಾಧ್ಯವಿಲ್ಲ, ಸುಮಾ ಆ್ಯಪ್‌ನಲ್ಲಿ ಕಲಿಯುತ್ತಾಳೆ, ಯಲಬುರ್ಗಾದ ಮಕ್ಕಳು ಮಿಸ್ ಅನ್ನುವುದು ಸುಮಾಗೆ — ಅಜ್ಜಿಗೆ ಮರವು ಐತ್ರಿ ಸರ್. ಅಷ್ಟೇ. ನನ್ನ ಬಾಯಿಂದಲೇ ಬಂತು, ಎಷ್ಟು ಸಲೀಸಾಗಿ ಬಂತು, ಮೊದಲೇ ಉರು ಹೊಡೆದಿಟ್ಟುಕೊಂಡ ವಾಕ್ಯದ ಹಾಗೆ. ಏಳು ರಾಜರ ಕಥೆಯನ್ನು ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದಲೇ ಮರುದಿನ ಎತ್ತಿಕೊಳ್ಳುವವಳಿಗೆ ಮರವು. ಊರಿನ ಎಲ್ಲ ಕೂಸುಗಳ ಹುಟ್ಟಿದ ವಾರ ಹೇಳುವವಳಿಗೆ ಮರವು. ಅವಳು ನನ್ನ ಕಡೆ ತಿರುಗಿದಳು, ನಾನು ಫ್ಯಾನು ನೋಡಿದೆ. ಸಿಟ್ಟು ಮಾಡಿಕೊಂಡಿದ್ದರೆ ಆಗುತ್ತಿತ್ತು, ಏನಂದಿ ಮೂಳಿ ಎಂದು ಎಲ್ಲರೆದುರು ಎರಡು ಬಾರಿಸಿದ್ದರೂ ಆಗುತ್ತಿತ್ತು, ಅವಳು ಸರ್ ಕಡೆ ನೋಡಿ ತಲೆ ಆಡಿಸಿದಳು, ಹೌದ್ರಿ ಯಪ್ಪಾ, ಮರವು ಭಾಳ ನನಗ, ಹುಡುಗಿ ಛಲೋ ಕಲಿಸ್ಯಾಳ್ರಿ, ನಂದ ತೆಲಿ ಸರಿ ಇಲ್ಲ, ಆಕಿದೇನ ತಪ್ಪಿಲ್ರಿ.

ಅಷೇಮ್ಡ್ ಅಂದರೆ ನಾಚಿಕೆ, ಎಂಬ್ಯಾರಸ್ಡ್ ಅಂದರೂ ನಾಚಿಕೆ ಎಂದೇ ಪುಸ್ತಕದಲ್ಲಿದೆ, ಎರಡಕ್ಕೂ ಒಂದ ಅರ್ಥ ಯಾಕ್ರಿ ಸರ್ ಎಂದು ಕೇಳಿದವಳು ನಾನೇ, ಮಂದಿ ನೋಡಿದ್ರ ಆಗೂದು ಎಂಬ್ಯಾರಸ್ಡ್, ಯಾರೂ ನೋಡದಿದ್ರೂ ಆಗೂದು ಅಷೇಮ್ಡ್ ಎಂದಿದ್ದರು ಸರ್, ಬರೆದುಕೊಂಡಿದ್ದೆ, ಪರೀಕ್ಷೆಯಲ್ಲಿ ಸರಿ ಗುರುತು ಬಂದಿತ್ತು, ಬಸ್ಸಿನಲ್ಲಿ ಆದದ್ದು ಮೊದಲನೆಯದು, ಕಂಡಕ್ಟರ್ ಇಳಿಸಿದ ಮೇಲೆ ಅದು ಇಳಿದೂ ಹೋಯಿತು, ಇದು ಇಳಿಯುತ್ತಿಲ್ಲ, ಈ ಕೋಣೆಯಲ್ಲಿ ಯಾರಿಗೂ ಗೊತ್ತಿಲ್ಲ ನಾನು ಸುಳ್ಳಿ ಎಂದು, ಗೊತ್ತಿರುವುದು ಅವಳೊಬ್ಬಳಿಗೆ, ಅವಳು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಈಗ ಎಲ್ಲರಿಗೂ ಅವಳ ಮೇಲೆ ಕರುಣೆ, ಮರೆವಿನ ಮುದುಕಿಗೆ ನೆನಪು ಮಾಡಿಸಬೇಕು, ಸರ್ ಫ್ಯಾನಿನ ಕಡೆ ಕೈ ತೋರಿಸುತ್ತಿದ್ದಾರೆ, ಇದರಿಂದ ಏನ ಬರ್ತೈತ್ರಿ ಅಜ್ಜಿ, ಹಿಂದಿನವರು ಉಫ್ ಉಫ್ ಎಂದು ಊದುತ್ತಿದ್ದಾರೆ, ಹೇಮಾ ಪುಸ್ತಕದಿಂದ ಅವಳ ಮುಖಕ್ಕೆ ಬೀಸುತ್ತ, ತಣ್ಣಗ ಹತ್ತತಿಲ್ಲೋ, ಏನಿದು, ಏನಿದು, ಎಂದು ತೊಟ್ಟಿಲ ಕೂಸಿಗೆ ಕೇಳುವ ಹಾಗೆ, ಅಜ್ಜಿಯ ಹಣೆಯ ಬಿಳಿ ಕೂದಲು ಹಾರುತ್ತಿದೆ, ಅವಳು ನಗುತ್ತಿದ್ದಾಳೆ, ಹೂಂನ್ರವಾ, ತಂಪೈತ್ರಿ, ಬಾಯಾಗ ಐತ್ರಿ, ಬರವಲ್ದ್ರಿ, ನನ್ನ ಸುಳ್ಳನ್ನು ನನಗಿಂತ ಚೆಂದ ನಿಭಾಯಿಸುತ್ತಿದ್ದಾಳೆ, ತಲೆ ಕೆರೆದುಕೊಂಡು, ನೆನಪಿಗೆ ಬಾರದವಳ ಹಾಗೆ ಸೂರು ನೋಡಿ. ತಾಜಬೀ ಒಬ್ಬರೇ ನಗುತ್ತಿಲ್ಲ, ಏ ಹುಡುಗೀ, ಬೀಸೂದ ಬಿಡು, ಎಂದು ಹೇಮಾಳನ್ನು ಗದರಿದರು, ಆಕಿಗೆ ಗೊತ್ತಿಲ್ಲದಲ್ಲ, ಮಾರಿ ನೋಡಿದ್ರ ತಿಳಿಯಂಗಿಲ್ಲೇನ, ಆಮೇಲೆ ಅವರ ಕಣ್ಣು ಅಜ್ಜಿಯ ಮುಖದಿಂದ ಕೆಳಗಿಳಿದು ಅವಳ ಕೈಗೆ ಬಂತು, ಕೈಯಿಂದ ವೇಲಿಗೆ, ವೇಲಿನಿಂದ ನನಗೆ, ಅಲ್ಲೇ ನಿಂತಿತು.

ನೋಡಬಾರದೆಂದುಕೊಂಡದ್ದನ್ನು ನೋಡಿದೆ. ಬಿಟ್ಟಿಲ್ಲ ಅವಳು. ಮರವು ಅಂದಮೇಲೂ ಬಿಟ್ಟಿಲ್ಲ, ಹೊಸೆಯುತ್ತಲೇ ಇದ್ದಾಳೆ, ಜಗ್ಗುತ್ತಿಲ್ಲ ಈಗ, ಕೇಳುತ್ತಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದಾಳೆ, ಉಗುರಿನಲ್ಲಿ ಬೆಳಿಗ್ಗೆ ಸರ್‌ಗೆಂದು ಕಟ್ಟಿದ ಶೇಂಗಾ ಉಂಡೆಯ ಬೆಲ್ಲ ಇನ್ನೂ ಅಂಟಿದೆ. ಶಿಬಿರದಲ್ಲಿ ಒಮ್ಮೆ ಕಣ್ಣು ನೋಡಿ ಹನಿ ಹಾಕಿ ಕಳಿಸಿಬಿಟ್ಟಾಗ ಹೊರಗೆ ಬಂದು ಮಂಕಾಗಿ ನಿಂತಿದ್ದಳು, ಕಣ್ಣ ಉರೀತಾವೇನಬೇ ಅಂದರೆ, ಇಲ್ಲ, ಅವರು ಮನಿಯವರ ಹೆಸರ ಕೇಳಲಿಲ್ಲಲ್ಲ, ಅಂದಿದ್ದಳು, ನಾನು ನಕ್ಕುಬಿಟ್ಟಿದ್ದೆ, ಹುಚ್ಚಿ ಎಂದುಕೊಂಡಿದ್ದೆ, ಕೇಳದಿದ್ರ ಛಲೋನ ಆತಲ್ಲ ಅಂದಿದ್ದೆ, ಅವಳು ಏನನ್ನೋ ಕೊಡದೆ ಕಳಿಸಿದ ಹಾಗೆ ತಿರುಗಿ ತಿರುಗಿ ಆ ಮೇಜಿನ ಕಡೆ ನೋಡುತ್ತ ಬಂದಿದ್ದಳು. ನಾನು ಏನು ತಿಳಿದುಕೊಂಡಿದ್ದೆ, ಅವಳಿಗೆ ಹೇಳಲಾಗದ್ದನ್ನು ಹೇಳಿ ಉಪಕಾರ ಮಾಡುತ್ತಿದ್ದೇನೆ ಎಂದು, ಅವಳು ಜಗ್ಗುತ್ತಿದ್ದದ್ದು ಹೇಳಿಸುವುದಕ್ಕಲ್ಲ, ಕೇಳುವುದಕ್ಕೆ, ಇನ್ನೊಬ್ಬರ ಬಾಯಿಂದಲಾದರೂ ಒಮ್ಮೆ, ಇಷ್ಟು ಜನ ಇರುವ ಕಡೆ, ಗಟ್ಟಿಯಾಗಿ, ಈಗಲೂ ಅದಕ್ಕೇ ಹಿಡಿದಿದ್ದಾಳೆ, ನಾನು ಅವಳನ್ನು ಮಾರಿಕೊಂಡ ಮೇಲೂ. ರಾಣಿ ಬಾಯಿ ಬಿಡಲಾರದೆ ಕುಳಿತಿದ್ದಾಳೆ, ಗಿಣಿ ಬಂಗಾರದ ಪಂಜರದಲ್ಲಿ ಕುಳಿತು ಫ್ಯಾನು ನೋಡುತ್ತಿದೆ. ಇರ್ಲಿ ಬಿಡ್ರಿ ಅಜ್ಜಿ, ಕುಂದರ್ರಿ, ಎಂದು ಸರ್ ಇನ್ನೊಬ್ಬರ ಕಡೆ ತಿರುಗುತ್ತಿದ್ದಾರೆ, ತಿರುಗಿದರೆ ಮುಗಿಯಿತು, ತಿರುಗಿದರೆ ನನಗೆ ಬಸ್ಸು, ಚೀಲ, ಮಿಸ್, ಹುಡುಗಿ ಛಲೋ ಕಲಿಸ್ಯಾಳ ಅಂದಿದ್ದಾಳಲ್ಲ, ತಿರುಗುತ್ತಿದ್ದಾರೆ — ಸರ್. ಸರ್, ಒಂದ ಮಾತ್ರಿ. ಯಾವಾಗ ಎದ್ದೆನೋ, ಬೆಂಚು ಕಿರ್ ಅಂದಿತು, ವೇಲು ಅವಳ ಕೈಯಲ್ಲಿಯೇ ಇದ್ದುದರಿಂದ ಕೊರಳಿಗೆ ಬಿಗಿಯಿತು, ನಮ್ಮಜ್ಜಿಗೆ ಮರವು ಇಲ್ರಿ ಸರ್, ನಾ ಸುಳ್ಳ ಹೇಳಿದ್ನಿ, ಆಕಿಗೆ ಆ ಶಬ್ದ ಗೊತ್ತೈತ್ರಿ, ನಮ್ಮೆಲ್ಲಾರಿಗಿಂತ ಚೊಲೋತ್ನಂಗ ಗೊತ್ತೈತ್ರಿ, ಅದು ನಮ್ಮಜ್ಜನ ಹೆಸರಿನಾಗ ಐತಿ, ಆಕಿ ಅನ್ನಂಗಿಲ್ಲ, ಆಕಿ ಬದಲಿ ನಾ ಹೇಳಬೇಕ್ರಿ, ಸಣ್ಣಾಕಿದ್ದಾಗಿಂದ ನಾನ ಹೇಳ್ತೀನ್ರಿ. ಮೊಬೈಲುಗಳು ಇನ್ನೂ ಮೇಲಕ್ಕಿವೆ, ಇರಲಿ, ಹೇಮಾಳ ಪುಸ್ತಕ ನಡುವೆಯೇ ನಿಂತಿದೆ, ಇಷ್ಟು ಸಲ ಹೇಳಿದ ಹೆಸರು, ಇಷ್ಟು ಭಾರ ಯಾವತ್ತೂ ಇರಲಿಲ್ಲ. ನನ್ನ ಹೆಸರು ಸುಂಕಲಮ್ಮರೀ. ನಮ್ಮಜ್ಜನ ಹೆಸರು ಗಾಳೆಪ್ಪ.

ಹೂಂ, ಅಂದಳು ಅಜ್ಜಿ.

ಕಥೆ ಕೇಳುವವಳ ಹಾಗೆ ಅಂದಳು, ಮುಂದೆ ಹೇಳು ಎನ್ನುವ ಹಾಗೆ, ಆದರೆ ಮುಂದೆ ಏನೂ ಇಲ್ಲ ನನ್ನ ಹತ್ತಿರ, ಹೇಳಬೇಕಾದದ್ದು ಮುಗಿದಿದೆ, ಸರ್ ಏನೋ ಅನ್ನುತ್ತಿದ್ದಾರೆ, ತಾಜಬೀ ಏನೋ ಅನ್ನುತ್ತಿದ್ದಾರೆ, ಯಲಬುರ್ಗಾ ಎಂಬ ಮಾತು ಬಂದಿತೋ ಇಲ್ಲವೋ, ನನಗೆ ಕೇಳಿಸುತ್ತಿಲ್ಲ, ಅವಳ ಬೆರಳುಗಳು ತೆರೆದಿವೆ, ಮಡಿಲ ಮೇಲೆ ಅಂಗೈ ಖಾಲಿ ಬಿದ್ದಿದೆ, ಕೊರಳು ಹಗುರಾಗಿದೆ, ಫ್ಯಾನು ತಿರುಗುತ್ತಿದೆ, ಎಲ್ಲರ ಸೆರಗು ಎಲ್ಲರ ಹಾಳೆ ಅಲುಗುತ್ತಿವೆ, ಅದೊಂದು ಮಾತ್ರ ಅಲುಗುತ್ತಿಲ್ಲ, ಬೆವರು ಕುಡಿದು, ಬೆಲ್ಲ ಅಂಟಿ, ಬತ್ತಿಯಂತೆ ಹೊಸೆದುಹೋದದ್ದು, ಬಿಟ್ಟರೂ ಬಿಚ್ಚಿಕೊಳ್ಳುತ್ತಿಲ್ಲ, ಹಾಗೇ ಸುರುಳಿಯಾಗಿ, ನನ್ನ ವೇಲಿನ ತುದಿ.